ಬೆವರಿದ ಮೈಗೆ ಕಡಲ ಸ್ನಾನವೇ?

ಇಂಗ್ಲೆಂಡಿನ ಕಡಲತೀರದಲ್ಲಿ ಮರದ ಗೂಡಿನೊಳಗೆ 80 ಡಿಗ್ರಿ ಬಿಸಿಗೆ ಬೆವರಿ, ಸೀದಾ ಸಮುದ್ರಕ್ಕೆ ಇಳಿಯುವ ಹವ್ಯಾಸ ಹಬ್ಬಿದೆ. ಚಳಿಗಾಲದಲ್ಲಿ ಅಲ್ಲಿನ ನೀರು 10 ಡಿಗ್ರಿಗೂ ಕಡಿಮೆ. ನಮ್ಮ ಚೆರಾಯಿ, ಕೋವಳಂಗಳಲ್ಲಿ 28ರ ಆಸುಪಾಸು. ಆ ಜುಮ್ಮು ಇಲ್ಲಿ ಸಿಗದು.

ಇಲ್ಲಿನ ಆಯುರ್ವೇದದ ಸ್ವೇದನದ ರೀತಿಯೇ ಬೇರೆ. ಎಣ್ಣೆ ತಿಕ್ಕಿ ಹಬೆಯ ಪೆಟ್ಟಿಗೆಯಲ್ಲಿ ಕೂರಿಸುತ್ತಾರೆ, ತಲೆ ಮಾತ್ರ ಹೊರಗೆ. ಬಿಸಿನೀರು ಮೈಗೆ ಬಲ, ತಲೆಗೆ ಸುರಿದರೆ ಕೂದಲು-ಕಣ್ಣಿಗೆ ಕೇಡು ಎನ್ನುತ್ತದೆ ‘ಅಷ್ಟಾಂಗಹೃದಯ’.

ದೀಪಾವಳಿಯ ಎಣ್ಣೆಸ್ನಾನ ನೆನಪಾಯಿತೇ? ಹಂಡೆ ನೀರು ಹೊಯ್ದ ಅಜ್ಜಿ ಹೊದಿಸಿ ಮಲಗಿಸುತ್ತಿದ್ದರು. ಇಲ್ಲೂ ಅದೇ ಪಾಠ: ಬಿಸಿಗೆ ರಕ್ತನಾಳ ಹಿಗ್ಗಿ ರಕ್ತದೊತ್ತಡ ಇಳಿದಿರುತ್ತದೆ, ಎದ್ದೊಡನೆ ತಲೆ ಸುತ್ತಬಹುದು. ಆ ಸ್ಥಿತಿಯಲ್ಲಿ ಅಲೆಗಿಳಿಯಬೇಡಿ. ನೀರು ಕುಡಿಯಿರಿ, ವಿಶ್ರಮಿಸಿ. ಹೃದಯದ ತೊಂದರೆಯಿದ್ದರೆ ಮೊದಲೇ ವೈದ್ಯರನ್ನು ಕೇಳಿ. ದಡದಲ್ಲಿ ಕೆಂಪು ಬಾವುಟ ಕಂಡರಂತೂ ಕಾಲೂ ತೋಯಿಸಬೇಡಿ!