ಟಾಟಾ ಆಸ್ಪತ್ರೆಯಲ್ಲಿ ರೋಗಿಗೆ ದಾರಿ ತೋರುವ ‘ಕೇವಟ’

ಮುಂಬಯಿ: ಕ್ಯಾನ್ಸರ್ ಜತೆಗೆ ಮಧುಮೇಹ, ಹೃದ್ರೋಗವೂ ಇರುವ ವೃದ್ಧರು ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆಗೆ ಬಂದರೆ ನಾಲ್ಕಾರು ವಿಭಾಗ ಸುತ್ತಬೇಕು. ಒಂದು ತಪಾಸಣೆ ತಪ್ಪಿದರೂ ಚಿಕಿತ್ಸೆ ಮುಂದೆ ಹೋಗಬಹುದು. ದೂರದ ಊರಿನಿಂದ ಬಂದವರು ಅರ್ಧಕ್ಕೇ ಮರಳುವುದೂ ಉಂಟು.

1941ರಲ್ಲಿ ಆರಂಭಗೊಂಡ ಈ ಆಸ್ಪತ್ರೆ 2019ರಲ್ಲಿ ಟಾಟಾ ಟ್ರಸ್ಟ್ಸ್ ಹಾಗೂ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಸಹಯೋಗದಲ್ಲಿ ‘ಕೇವಟ’ ತರಬೇತಿ ಆರಂಭಿಸಿತು. ಶ್ರೀರಾಮನನ್ನು ಗಂಗೆ ದಾಟಿಸಿದ ಅಂಬಿಗನ ಹೆಸರದು. ತರಬೇತಿ ಪಡೆದವರು ನೋಂದಣಿಯಿಂದ ಮರುಭೇಟಿಯವರೆಗೆ ರೋಗಿಗೆ ಮಾರ್ಗದರ್ಶನ ನೀಡುತ್ತಾರೆ.

ಇದರ ಪೂರ್ಣ ಪ್ರಯೋಜನ ಸಿಗಬೇಕಾದರೆ ಹಳೆಯ ವರದಿಗಳು, ನಿತ್ಯ ಸೇವಿಸುವ ಔಷಧಿಗಳ ಪಟ್ಟಿ ಒಂದೇ ಕಡತದಲ್ಲಿರಬೇಕು. ಮನೆಯ ಒಬ್ಬರೇ ಪ್ರತಿಸಲ ಜತೆಗಿರುವುದು ಒಳಿತು. ಹಿಂದಿ, ಮರಾಠಿ ಬಾರದ ಊರವರಿಗೆ ಸಂಘದ ಸದಸ್ಯರೊಬ್ಬರು ಜತೆಯಾದರೆ ಅದೂ ಅಂಬಿಗನ ಕೆಲಸವೇ.