ಬಡಿತ ಸರಿಪಡಿಸುವ ಔಷಧಿಯೇ ಬಡಿತ ಕೆಡಿಸಬಹುದೇ?

ಎದೆಬಡಿತದ ಏರುಪೇರಿಗೆ ಕೊಡುವ ಔಷಧಿ ಆ ಏರುಪೇರನ್ನು ತಗ್ಗಿಸುತ್ತದೆಯೇ ಹೊರತು ಹೆಚ್ಚಿಸಲಾರದು ಎಂಬುದು ಬಹುಮಂದಿಯ ನಂಬಿಕೆ. ಇದು ಪೂರ್ತಿ ನಿಜವಲ್ಲ. ಅಪರೂಪಕ್ಕೆ ಇವೇ ಔಷಧಿಗಳು ಹಳೆಯ ತೊಂದರೆಯನ್ನು ಉಲ್ಬಣಿಸುತ್ತವೆ, ಇಲ್ಲವೇ ಮೊದಲಿಲ್ಲದ, ಇನ್ನೂ ಅಪಾಯಕರವಾದ ಲಯದೋಷವನ್ನು ಹುಟ್ಟಿಸುತ್ತವೆ. ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಹೃದಯದ ಜೀವಕೋಶಗಳ ಒಳಗೂ ಹೊರಗೂ ಹರಿಯುವುದರಿಂದಲೇ ಬಡಿತದ ವಿದ್ಯುತ್ ಸಂಚಾರ ನಡೆಯುತ್ತದೆ. ಲಯದೋಷದ ಔಷಧಿಗಳಲ್ಲಿ ಹಲವು ಕೆಲಸ ಮಾಡುವುದು ಆ ಹರಿವನ್ನು ತಡೆದೇ. ಗುಣಕ್ಕೂ ಅಪಾಯಕ್ಕೂ ಮೂಲ ಒಂದೇ.

ಇಸಿಜಿಯಲ್ಲಿ ಕಾಣುವ ಹೆಚ್ಚುವರಿ ಬಡಿತಗಳು ನಿಂತರೆ ಪ್ರಾಣಾಪಾಯವೂ ತಪ್ಪಿದಂತೆ ಎಂದು ಒಂದು ಕಾಲಕ್ಕೆ ವೈದ್ಯರೂ ತಿಳಿದಿದ್ದರು. ಈ ತಿಳಿವಳಿಕೆಯನ್ನು ಅಳಿಸಿದ್ದು ‘ಕಾಸ್ಟ್’ ಎಂಬ ಅಧ್ಯಯನ. ಹೃದಯಾಘಾತದಿಂದ ಚೇತರಿಸಿಕೊಂಡವರಿಗೆ ಫ್ಲೆಕೈನೈಡ್ ಅಥವಾ ಎನ್‌ಕೈನೈಡ್ ಕೊಟ್ಟಾಗ ಹೆಚ್ಚುವರಿ ಬಡಿತಗಳು ಅಡಗಿದ್ದವು. ಆದರೂ ಸಾವುಗಳು ಹೆಚ್ಚಿದವು. 1991ರಲ್ಲಿ ಪ್ರಕಟವಾದ ವರದಿಯಂತೆ ಔಷಧಿ ಪಡೆದ 755 ಮಂದಿಯಲ್ಲಿ 63 ಮಂದಿ, ಹುಸಿಮಾತ್ರೆ ಪಡೆದ 743 ಮಂದಿಯಲ್ಲಿ 26 ಮಂದಿ ತೀರಿಕೊಂಡರು. ಹೃದ್ರೋಗ ಚಿಕಿತ್ಸೆಯ ಚರಿತ್ರೆಯಲ್ಲಿ ಇಷ್ಟು ಕಟುವಾದ ಪಾಠ ವಿರಳ. ಹೃದಯದಲ್ಲಿ ಬೇರೆ ದೋಷವಿಲ್ಲದವರಿಗೆ ಫ್ಲೆಕೈನೈಡ್ ಇಂದಿಗೂ ಉಪಯುಕ್ತ. ಹೃದಯಾಘಾತದ ಗಾಯವಿರುವವರಿಗೆ ಅದನ್ನು ಕೊಡುವುದಿಲ್ಲ.

ಮಾತ್ರೆಯ ಪ್ರಮಾಣ ಮೀರಿದರಷ್ಟೇ ತೊಂದರೆ ಎಂಬುದೂ ತಪ್ಪು. ಲಯದೋಷದ ಔಷಧಿಯಾದ ಕ್ವಿನಿಡಿನ್ ಸಾಮಾನ್ಯ ಪ್ರಮಾಣದಲ್ಲೇ ಮೂರ್ಛೆ ತರಿಸಿದ್ದುಂಟು. ಇದೂ ಸೊಟಾಲಾಲ್, ಡೊಫೆಟಿಲೈಡ್‌ಗಳೂ ಇಸಿಜಿಯ ಕ್ಯೂಟಿ ಅವಧಿಯನ್ನು, ಅಂದರೆ ಪ್ರತಿ ಬಡಿತದಲ್ಲಿ ಹೃದಯದ ಕೆಳಕೋಣೆಗಳ ವಿದ್ಯುತ್ ಸಂಚಾರ ಶುರುವಾಗಿ ಮುಗಿಯುವ ಕಾಲವನ್ನು, ಉದ್ದವಾಗಿಸುತ್ತವೆ. ಅದು ಅತಿಯಾದರೆ ಟಾರ್ಸಾಡ್ ಎಂಬ ತಿರುಚಿದ ಅತಿವೇಗದ ಬಡಿತ ಶುರುವಾಗಬಹುದು. ವಾಂತಿಭೇದಿಯಿಂದಲೋ ಮೂತ್ರ ಹೆಚ್ಚಿಸುವ ಮಾತ್ರೆಯಿಂದಲೋ ಪೊಟ್ಯಾಸಿಯಂ, ಮೆಗ್ನೀಷಿಯಂ ಇಳಿದಾಗ, ಮೂತ್ರಪಿಂಡ ಸೋತಾಗ, ಬಡಿತ ತೀರಾ ನಿಧಾನವಾದಾಗ ಅಪಾಯ ಏರುತ್ತದೆ. ಹೆಂಗಸರಲ್ಲಿ ಇದರ ಸಂಭವ ಹೆಚ್ಚು. ಕ್ಲಾರಿತ್ರೊಮೈಸಿನ್‌ನಂಥ ಆ್ಯಂಟಿಬಯಾಟಿಕ್ ಜೊತೆಗೂಡಿದರೂ ಕಷ್ಟ. ಅಮಿಯೊಡರೋನ್ ಕೂಡ ಕ್ಯೂಟಿ ಉದ್ದವಾಗಿಸುತ್ತದೆ. ಆದರೂ ಅದರಿಂದ ಟಾರ್ಸಾಡ್ ಬರುವುದು ಬಲು ಅಪರೂಪ. ಥೈರಾಯ್ಡ್, ಶ್ವಾಸಕೋಶಗಳ ಮೇಲೆ ಅದು ಮಾಡುವ ಹಾನಿ ಬೇರೆ ಮಾತು.

ಇಷ್ಟೆಲ್ಲ ಅಪಾಯವಿದ್ದರೆ ಮಾತ್ರೆ ಬಿಡುವುದೇ ಲೇಸು ಎಂಬ ತೀರ್ಮಾನವಂತೂ ಎಲ್ಲಕ್ಕಿಂತ ಕೆಟ್ಟದ್ದು. ಹಠಾತ್ತಾಗಿ ನಿಲ್ಲಿಸಿದರೆ ಹಳೆಯ ಲಯದೋಷ ಮರುಕಳಿಸಬಹುದು. ಕೆಲವು ಔಷಧಿಗಳನ್ನು ಆಸ್ಪತ್ರೆಯಲ್ಲೇ ಇಸಿಜಿ ನೋಡುತ್ತ ಆರಂಭಿಸುವುದು, ಆಗಾಗ ರಕ್ತಪರೀಕ್ಷೆ ಮಾಡಿಸುವುದು ಅಪಾಯ ತಗ್ಗಿಸಲೆಂದೇ. ಹೊಸ ಔಷಧಿ ಯಾವುದೇ ಇರಲಿ, ಬರೆಸಿಕೊಳ್ಳುವಾಗ ಹಳೆಯ ಚೀಟಿ ವೈದ್ಯರಿಗೆ ತೋರಿಸಬೇಕು. ಮೂರ್ಛೆಯೋ ಕಣ್ಣು ಕತ್ತಲಿಡುವುದೋ ಕಂಡರೆ ತಡಮಾಡದೆ ಆಸ್ಪತ್ರೆ ಸೇರಬೇಕು.