ಅದೇ ದೀಪ, ಬೇರೆ ಬೆಳಕು

ಹೊಸದಾಗಿ ಡಾಂಬರು ಹಾಕಿದ ಬೀದಿ ಮೊದಮೊದಲು ರಾತ್ರಿ ಹೊತ್ತು ಕಪ್ಪಾಗಿಯೇ ಕಾಣುತ್ತದೆ. ದೀಪ ಅದೇ, ಕಂಬವೂ ಅದೇ. ಓಡಾಟದಿಂದ ಮೇಲಿನ ಡಾಂಬರು ಸವೆದು ಜಲ್ಲಿ ಹೊರಗೆ ಕಂಡಾಗ ಬೀದಿ ಬೆಳ್ಳಗಾಗುತ್ತದೆ. ಬಳ್ಳಾರಿಯ ಕೋಟೆ ಗುಡ್ಡ, ಕುರುಗೋಡಿನ ಬೆಟ್ಟಗಳೆಲ್ಲ ಗ್ರಾನೈಟ್ ಸೀಮೆ. ತಿಳಿ ಬಣ್ಣದ ಗ್ರಾನೈಟ್ ಜಲ್ಲಿ ಬೆಳಕನ್ನು ಹಿಂದಿರುಗಿಸುತ್ತದೆ; ವಿಜಯಪುರದ ಕಡೆಯ ಕರಿಕಲ್ಲು ಅಷ್ಟು ಹಿಂದಿರುಗಿಸುವುದಿಲ್ಲ.

1905ರ ಆಗಸ್ಟ್ 5ರಂದು ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಹೊತ್ತಿದಾಗ ಎಲ್ಲರ ಗಮನ ದೀಪದ ಮೇಲಿತ್ತು. ರಸ್ತೆಯತ್ತ ಕಣ್ಣು ಹೊರಳಿದ್ದು ಮುಂದೆ. ರಾತ್ರಿ ಚಾಲಕನಿಗೆ ಎದುರಿನ ಮನುಷ್ಯ ಕಾಣುವುದು ಬಹುತೇಕ ಬೆಳ್ಳನೆಯ ರಸ್ತೆಯ ಮುಂದಿನ ಕಪ್ಪು ಆಕೃತಿಯಾಗಿ ಎಂಬುದನ್ನು 1930ರ ದಶಕದಲ್ಲಿ ಬ್ರಿಟನ್ನಿನ ಜೆ.ಎಂ. ವಾಲ್‌ಡ್ರಮ್ ಲೆಕ್ಕ ಹಾಕಿ ತೋರಿಸಿದರು.

ಹಾಗಾದರೆ ರಸ್ತೆಯ ಬೆಳಕನ್ನು ಅಳೆಯುವುದು ಹೇಗೆ?

ಅಂತರರಾಷ್ಟ್ರೀಯ ಬೆಳಕು ಆಯೋಗ ರಸ್ತೆಗಳನ್ನು ಆರ್1ರಿಂದ ಆರ್4ರವರೆಗೆ ವಿಂಗಡಿಸಿತು. ಚಾಲಕ ದೂರದ ರಸ್ತೆಯನ್ನು ನೋಡುವಷ್ಟೇ ಓರೆಯಾಗಿ, ಒಂದು ಡಿಗ್ರಿ ಕೋನದಿಂದ, ಪ್ರತಿಫಲನ ಅಳೆದರು. ಕಾಂಕ್ರೀಟ್ ಬರುವ ಆರ್1 ಗುಂಪಿನ ಸರಾಸರಿ ಗುಣಾಂಕ 0.10, ಸಾಮಾನ್ಯ ಡಾಂಬರು ಬರುವ ಆರ್3ರದು 0.07. ಕಂಬದಿಂದ ಬೀಳುವ ಬೆಳಕು ಒಂದೇ ಆದರೂ ಕಾಂಕ್ರೀಟ್ ಸುಮಾರು ಶೇ 40ರಷ್ಟು ಹೆಚ್ಚು ಬೆಳಕು ಕೊಡುತ್ತದೆ. ಭಾರತೀಯ ಮಾನದಂಡ ಐಎಸ್ 1944 ಮಾತ್ರ ಬೀಳುವ ಬೆಳಕನ್ನೇ ಎಣಿಸುತ್ತದೆ: ಅತಿ ಮುಖ್ಯ ರಸ್ತೆಗೆ 30 ಲಕ್ಸ್, ಇತರ ಮುಖ್ಯ ರಸ್ತೆಗೆ 15.

ಮಳೆ ಬಂದರೆ ಲೆಕ್ಕವೇ ಬದಲು. ನುಣುಪು ರಸ್ತೆಯ ಮೇಲೆ ನೀರು ತೆಳ್ಳಗೆ ಹರಡಿ ಕನ್ನಡಿಯಂತಾಗುತ್ತದೆ. ದೀಪದ ಕೆಳಗೆ ಕಣ್ಣು ಕುಕ್ಕುವ ಉದ್ದನೆಯ ಪಟ್ಟೆ, ನಡುವೆ ಕತ್ತಲು. ಒರಟು ರಸ್ತೆಯಲ್ಲಿ ನೀರು ಜಲ್ಲಿಯ ಸಂದಿಗೆ ಇಳಿಯುವುದರಿಂದ ಕಲ್ಲಿನ ತುದಿಗಳು ಬೆಳಕನ್ನು ಚದುರಿಸುತ್ತಲೇ ಇರುತ್ತವೆ. ಹೆದ್ದಾರಿ 150ಎ ಹಾದುಹೋಗುವ ಸಿರುಗುಪ್ಪದಲ್ಲಿ ಗದ್ದೆಗಳಿಂದ ಬಂದ ಟ್ರ್ಯಾಕ್ಟರ್ ಗಾಲಿಗಳ ಎರೆಮಣ್ಣು, ಸಂಡೂರಿನ ಅದಿರು ಲಾರಿಗಳ ದಾರಿಯಲ್ಲಿ ಕೆಂದೂಳು: ಎರಡೂ ಆ ಒರಟನ್ನು ಮುಚ್ಚಿ ಬೆಳಕನ್ನು ನುಂಗುತ್ತವೆ. ಬಳ್ಳಾರಿಯ ಬಿಸಿಲಿಗೆ ಡಾಂಬರು ಉಕ್ಕಿ ಮೇಲೆ ಬಂದರೆ ಜಲ್ಲಿ ಮುಳುಗಿ ರಸ್ತೆ ಮತ್ತೆ ನುಣುಪಾಗುತ್ತದೆ.

ಎಲ್‌ಇಡಿ ದೀಪಗಳು ಬಂದು ವಿದ್ಯುತ್ ಉಳಿಯಿತು, ಸರಿ. ಆದರೆ ರಸ್ತೆಯನ್ನು ನೋಡದೆ ದೀಪದ ವ್ಯಾಟ್ ನಿಗದಿ ಮಾಡಿದರೆ ಕಾಂಕ್ರೀಟ್ ಬೀದಿಯಲ್ಲಿ ಬೆಳಕು ವ್ಯರ್ಥ, ಕರಿ ಡಾಂಬರಿನಲ್ಲಿ ಕೊರತೆ. ರಸ್ತೆ ಮಾಡುವವರೂ ದೀಪ ಹಾಕುವವರೂ ಒಟ್ಟಿಗೆ ಕೂತು ಲೆಕ್ಕ ಹಾಕಬೇಕು. ಹೊಸ ಡಾಂಬರು ಬಿದ್ದ ಪ್ರತಿ ಬೀದಿಯ ಬೆಳಕನ್ನು ಒಮ್ಮೆ ಒಣಗಿದಾಗ, ಒಮ್ಮೆ ಮಳೆಯಲ್ಲಿ ಅಳೆಯುವ ರೂಢಿಯನ್ನು ಸ್ಥಳೀಯ ಸಂಸ್ಥೆಗಳು ಈಗಲೇ ಶುರು ಮಾಡಲಿ.